ಪಿಇಎ ಡಬ್ಬಿ ಕೊಳ್ಳುವ ಮೊದಲು: ಬನಹಟ್ಟಿಯ ಮೆಡಿಕಲ್ ಅಂಗಡಿಯಿಂದ

ದೀಪಾವಳಿ ಕಳೆದು ಚಳಿ ಶುರುವಾದರೆ ನಮ್ಮ ಕೌಂಟರ್ ಮುಂದೆ ಎರಡೇ ಮಾತು. ಒಂದು ನೆಗಡಿ-ಕೆಮ್ಮು, ಇನ್ನೊಂದು ಮೈಕೈ ನೋವು. ಬನಹಟ್ಟಿ ಅಂದರೆ ಪವರ್‌ಲೂಮ್ ಊರು. ಶೆಡ್ಡಿನೊಳಗೆ ನೂಲಿನ ಧೂಳು, ಹೊರಗೆ ಬಂದರೆ ಕಬ್ಬಿನ ರವದಿ ಸುಟ್ಟ ಹೊಗೆ. ಗಂಟಲು ಎಷ್ಟಂತ ತಡೆದೀತು? ಮೊದಲೆಲ್ಲ ಜನ ಬಂದು ನೇರವಾಗಿ ಆಂಟಿಬಯಾಟಿಕ್ ಕೇಳುತ್ತಿದ್ದರು. ಈಗ ಮೊಬೈಲ್ ತೋರಿಸಿ ಕೇಳುತ್ತಾರೆ: "ಅಕ್ಕಾರ, ಇದೇನೋ ಪಿಇಎ ಅಂತ ಬಂದೈತಿ. ಉರಿಯೂತಕ್ಕೂ ನಡೀತೈತಂತ, ನೆಗಡಿಗೂ ನಡೀತೈತಂತ. ಖರೇ ಏನ್ರಿ?"

ಪಿಇಎ ಅಂದರೆ ಕ್ಯಾಪ್ಸೂಲಿನಲ್ಲಿ ಸಿಗುವ ಒಂದು ಪೂರಕ ಆಹಾರ. ಕೇಳಿದ್ದು ಅರ್ಧ ಖರೇ. ಉಳಿದರ್ಧ ಹೇಗೆ ತಗೊಳ್ಳುತ್ತೀರಿ, ಯಾವುದಕ್ಕೆ ತಗೊಳ್ಳುತ್ತೀರಿ ಅನ್ನುವುದರ ಮೇಲಿದೆ. ನಾನು ಡಿ.ಫಾರ್ಮ್ ಓದಿ ಅಂಗಡಿ ನಡೆಸುವವಳು, ಡಾಕ್ಟರ್ ಅಲ್ಲ. ಆದರೆ ಡಬ್ಬಿಯ ಮೇಲಿನ ಸಣ್ಣಕ್ಷರ ಓದುವುದೇ ನನ್ನ ಕೆಲಸ. ಕೌಂಟರ್ ಆಚೆ ನಿಂತವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಒಂದೇ ಕಡೆ ಬರೆದಿದ್ದೇನೆ.

ಇದು ಏನು, ಎಲ್ಲಿಂದ ಬಂತು

ಪೂರ್ತಿ ಹೆಸರು ಪಾಮಿಟಾಯ್ಲ್‌ಇಥನಾಲಮೈಡ್. ಒಂದೇ ಉಸಿರಿಗೆ ಹೇಳಲು ನನಗೂ ಕಷ್ಟ. ಪಾಮಿಟಿಕ್ ಆಸಿಡ್ ಎಂಬ ಕೊಬ್ಬಿನಾಮ್ಲಕ್ಕೆ ಇಥನಾಲಮೈನ್ ಎಂಬ ಸಣ್ಣ ಅಣು ಕೂಡಿದರೆ ಪಿಇಎ. ಕೊಬ್ಬಿನ ಜಾತಿಯ ವಸ್ತು. ನಮ್ಮ ಮೈಯೇ ಇದನ್ನು ತಯಾರಿಸಿಕೊಳ್ಳುತ್ತದೆ. ಎಲ್ಲಾದರೂ ಪೆಟ್ಟಾದರೆ, ಊದಿಕೊಂಡರೆ, ಅಲ್ಲಿನ ಜೀವಕೋಶಗಳು ತಮ್ಮ ಹೊರಪದರದ ಕೊಬ್ಬಿನಿಂದಲೇ ಇದನ್ನು ಮಾಡುತ್ತವೆ. ಕೆಲಸ ಮುಗಿದ ಮೇಲೆ ಎಫ್‌ಎಎಎಚ್, ಎನ್‌ಎಎಎ ಎಂಬ ಎರಡು ಕಿಣ್ವಗಳು ಒಡೆದುಹಾಕುತ್ತವೆ. ಹೊರಗಿನಿಂದ ನುಂಗಿದ್ದೂ ಹಾಗೇ ಒಡೆಯುತ್ತದೆ. ಅದಕ್ಕೇ ಡೋಸನ್ನು ದಿನಕ್ಕೆ ಎರಡು ಮೂರು ಸಲ ಹಂಚಿ ಕೊಡುತ್ತಾರೆ.

ಇದರ ಕಥೆ ಶುರುವಾಗಿದ್ದು ಮೊಟ್ಟೆಯಿಂದ. 1943ರಲ್ಲಿ ಕೋಬರ್ನ್ ಮತ್ತು ಮೂರ್ ಎಂಬ ಅಮೆರಿಕದ ಸಂಶೋಧಕರು ರುಮ್ಯಾಟಿಕ್ ಜ್ವರದ ಬಗ್ಗೆ ಒಂದು ವರದಿ ಬರೆದರು. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಬರುವ ಜ್ವರ ಅದು, ಕೀಲು ಹಿಡಿಯುತ್ತದೆ, ಹೃದಯಕ್ಕೂ ಇಳಿಯುತ್ತದೆ. ಮೊಟ್ಟೆಯ ಹಳದಿ ತಿನ್ನಿಸಿದ ಮಕ್ಕಳಿಗೆ ಈ ಜ್ವರ ಮರುಕಳಿಸುವುದು ಕಡಿಮೆಯಾಗಿತ್ತು. ಹಳದಿಯಲ್ಲಿ ಅಂಥದ್ದೇನಿದೆ ಎಂದು ಹುಡುಕುತ್ತಾ ಹೋಗಿ, 1957ರಲ್ಲಿ ಪಿಇಎಯನ್ನು ಬೇರ್ಪಡಿಸಿದರು. ಮೂರು ಕಡೆಯಿಂದ ಸಿಕ್ಕಿತು: ಮೊಟ್ಟೆಯ ಹಳದಿ, ಸೋಯಾ ಲೆಸಿಥಿನ್, ಮತ್ತೆ ಎಣ್ಣೆ ತೆಗೆದ ಶೇಂಗಾ ಹಿಂಡಿ.

ಶೇಂಗಾ ಅಂದ ಕೂಡಲೇ ನಮ್ಮ ಮಂದಿಯ ಮುಖ ಅರಳುತ್ತದೆ. ಇಲ್ಲಿ ಎಷ್ಟೋ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ, ಶೇಂಗಾ ಇಲ್ಲದ ಮನೆ ಮಾತ್ರ ಇಲ್ಲ. "ಹಂಗಾದ್ರ ದಿನಾ ಒಂದು ಮುಷ್ಟಿ ಶೇಂಗಾ ತಿಂದ್ರ ಆತಲ್ರಿ?" ಎಂದು ಒಬ್ಬ ಕಾಕಾ ಕೇಳಿದರು. ಆಗುವುದಿಲ್ಲ. ಆಹಾರದಲ್ಲಿ ಇದು ಇರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ. ಪ್ರಯೋಗಗಳಲ್ಲಿ ಕೊಟ್ಟಿದ್ದು ದಿನಕ್ಕೆ ನೂರಾರು ಮಿಲಿಗ್ರಾಂ. ಶೇಂಗಾ ಚಟ್ನಿ ತಿನ್ನಿ, ರೊಟ್ಟಿಗೆ ಅದಿಲ್ಲದೆ ನಡೆಯುವುದೂ ಇಲ್ಲ. ಆದರೆ ಅದನ್ನು ಔಷಧದ ಲೆಕ್ಕಕ್ಕೆ ಹಿಡಿಯಬೇಡಿ. ಕ್ಯಾಪ್ಸೂಲಿನಲ್ಲಿರುವ ಪಿಇಎ ಶೇಂಗಾದಿಂದ ಹಿಂಡಿದ್ದಲ್ಲ, ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಿಸಿದ್ದು. ಅಣು ಅದೇ.

ಇನ್ನು ಒಳಗೆ ಹೋಗಿ ಏನು ಮಾಡುತ್ತದೆ? ಮೂಗು, ಶ್ವಾಸನಾಳ, ಚರ್ಮದಲ್ಲಿ ಮಾಸ್ಟ್ ಸೆಲ್ ಎಂಬ ಕಾವಲು ಕೋಶಗಳಿವೆ. ಧೂಳೋ ವೈರಸ್ಸೋ ಬಂದರೆ ಊತ, ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಉಗುಳುತ್ತವೆ. ಅವು ಅತಿಯಾಗಿ ರೇಗದಂತೆ ಪಿಇಎ ತಡೆಯುತ್ತದೆ ಎಂದು 1993ರಲ್ಲಿ ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಅವರ ತಂಡ ಹೇಳಿತು. 1986ರಲ್ಲಿ ನೊಬೆಲ್ ಪಡೆದ ಅಮ್ಮ ಇವರೇ. ಕೋಶದೊಳಗಿನ ಪಿಪಿಎಆರ್-ಆಲ್ಫಾ ಎಂಬ ರಿಸೆಪ್ಟರ್, ಅಂದರೆ ಸಂದೇಶ ಹಿಡಿಯುವ ಪ್ರೋಟೀನಿನ ಮೂಲಕವೂ ಕೆಲಸ ಮಾಡುತ್ತದೆ ಎಂದು 2005ರಲ್ಲಿ ತಿಳಿಯಿತು. ನಾನು ಗಿರಾಕಿಗಳಿಗೆ ಹೇಳುವುದು ಇಷ್ಟೇ: ನೋವಿನ ಗುಳಿಗೆ ಸ್ವಿಚ್ ಇದ್ದಂತೆ, ಇದು ಫ್ಯಾನಿನ ರೆಗ್ಯುಲೇಟರ್. ತಿರುಗಿಸಿದ ತಕ್ಷಣ ನಿಲ್ಲುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ.

ನೆಗಡಿಗೆ ಎಷ್ಟರ ಮಟ್ಟಿಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜಾಸ್ತಿ ಜನ ತಪ್ಪು ತಿಳಿಯುವುದು ಇಲ್ಲೇ.

1970ರ ದಶಕದಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಪಿಇಎ 'ಇಂಪಲ್ಸಿನ್' ಎಂಬ ಹೆಸರಿನ ಗುಳಿಗೆಯಾಗಿ ಬಂತು. ಸ್ಕೋಡಾ ಕಾರ್ಖಾನೆಯ ಕೆಲಸಗಾರರಿಗೆ, ಆಮೇಲೆ ಸೈನಿಕರಿಗೆ ಕೊಟ್ಟು ನೋಡಿದರು. ಮಾಸೆಕ್ ಮತ್ತು ಜೊತೆಗಾರರ ವರದಿ 1974ರಲ್ಲಿ ಪ್ರಕಟವಾಯಿತು. ಡೋಸು 600 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 12 ದಿನ. ಒಂದೇ ಶೆಡ್ಡಿನಡಿ ನೂರಾರು ಜನ ಚಳಿಗಾಲದಲ್ಲಿ ದುಡಿಯುವ ಜಾಗ ಅಂದರೆ ನನಗೆ ನಮ್ಮ ಊರೇ ನೆನಪಾಗುತ್ತದೆ, ಅದಕ್ಕೇ ಈ ಪ್ರಯೋಗ ನನಗೆ ಇಷ್ಟ.

ಫಲಿತಾಂಶ ಏನು? ಜ್ವರ, ತಲೆನೋವು, ಗಂಟಲು ನೋವು ಕಡಿಮೆಯಾದವು. ಕಾಯಿಲೆ ಬಿದ್ದ ದಿನಗಳೂ ಕಡಿಮೆ. ಆದರೆ ಮೂಗು ಕಟ್ಟುವುದು, ಸೋರುವುದು, ಕೆಮ್ಮು, ಇವುಗಳ ಮೇಲೆ ಅಷ್ಟು ಪರಿಣಾಮ ಕಾಣಲಿಲ್ಲ.

ಅಂದರೆ "ಕೆಮ್ಮಿಗೆ ಪಿಇಎ ಕೊಡ್ರಿ" ಅನ್ನುವವರಿಗೆ ನನ್ನ ಉತ್ತರ: ದುಡ್ಡು ಉಳಿಸಿಕೊಳ್ಳಿ. ಕೆಮ್ಮಿಗೆ ಕಾರಣ ಹುಡುಕಬೇಕು. ಇನ್ನೊಂದು, ಇಂಪಲ್ಸಿನ್ ಆಮೇಲೆ ಮಾರುಕಟ್ಟೆಯಿಂದಲೇ ಮರೆಯಾಯಿತು. ಆ ಪ್ರಯೋಗಗಳು ಹಳೆಯವು, ಈಗಿನಷ್ಟು ಬಿಗಿಯಾದ ಪದ್ಧತಿ ಆಗ ಇರಲಿಲ್ಲ. ನಾನಂತೂ ಇದನ್ನು ಚಳಿಗಾಲದ ಸಹಾಯಕ ಎಂದು ಒಪ್ಪುತ್ತೇನೆ, ಔಷಧ ಎಂದು ಕೈಗಿಡುವುದಿಲ್ಲ. ಇದು ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ನ್ಯುಮೋನಿಯಾಕ್ಕೆ ಬದಲಿ ಅಲ್ಲ. ವಯಸ್ಸಾದವರು, ಶುಗರ್ ಇರುವವರು, ದಮ್ಮು ಇರುವವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳುವುದು ಇದಕ್ಕಿಂತ ಮೊದಲಿನ ಕೆಲಸ.

ನೋವಿನ ಕಡೆ ಕೆಲಸ ಜಾಸ್ತಿ ನಡೆದಿದೆ. ಸಯಾಟಿಕಾ ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು. 636 ಜನರ ಮೇಲೆ ಮೂರು ವಾರ ನಡೆದ ಪ್ರಯೋಗದಲ್ಲಿ ದಿನಕ್ಕೆ 300 ಮತ್ತು 600 ಮಿಲಿಗ್ರಾಂ ಎರಡನ್ನೂ ಕೊಟ್ಟರು. 600ರ ಗುಂಪಿಗೆ ಜಾಸ್ತಿ ಆರಾಮ ಸಿಕ್ಕಿತು. ಗಮನಿಸಿ, ಮೂರು ವಾರ. "ಎರಡ ದಿನಾ ತಗೊಂಡ್ಯಾ, ಏನೂ ಆಗ್ಲಿಲ್ಲ" ಎಂದು ಡಬ್ಬಿ ವಾಪಸ್ ತರುವವರಿಗೆ ನಾನು ಇದನ್ನೇ ಹೇಳಿ ಕಳಿಸುತ್ತೇನೆ.

ಡಬ್ಬಿ ಓದುವುದು ಹೇಗೆ

ಮೊದಲು ಹೆಸರು. ಮುಂಭಾಗದಲ್ಲಿ ಇಂಗ್ಲಿಷಿನ PEA ಎಂಬ ಮೂರಕ್ಷರ ನೋಡಿ ಆರ್ಡರ್ ಮಾಡಬೇಡಿ. ಅದೇ ಮೂರಕ್ಷರಕ್ಕೆ ಬಟಾಣಿ ಪ್ರೋಟೀನ್ ಪುಡಿಯೂ ಬರುತ್ತದೆ. ಅದು ಬಂದರೆ ತೊಂದರೆಯೇನಿಲ್ಲ, ದೋಸೆ ಹಿಟ್ಟಿಗೆ ಹಾಕಬಹುದು. ಆದರೆ ಫಿನೈಲ್‌ಇಥೈಲಮೈನ್ ಎಂಬ ಬೇರೆಯೇ ವಸ್ತುವಿಗೂ ಅದೇ ಮೂರಕ್ಷರ. ಅದು ಉತ್ತೇಜಕ. ಬಿಪಿ ಇರುವವರಿಗೆ, ಮನಸ್ಸಿನ ಕಾಯಿಲೆಗೆ ಗುಳಿಗೆ ನುಂಗುವವರಿಗೆ ಅಪಾಯ. ಹಿಂಭಾಗದಲ್ಲಿ ಪಾಮಿಟಾಯ್ಲ್‌ಇಥನಾಲಮೈಡ್ ಎಂದು ಪೂರ್ತಿ ಹೆಸರು ಕಂಡರೆ ಮಾತ್ರ ಮುಂದಕ್ಕೆ ಹೋಗಿ.

ಆಮೇಲೆ ಮಿಲಿಗ್ರಾಂ. ಮುಂದೆ ದೊಡ್ಡದಾಗಿ 800 ಅಂತ ಇರುತ್ತದೆ. ಹಿಂದೆ ತಿರುಗಿಸಿದರೆ ಸಣ್ಣಕ್ಷರದಲ್ಲಿ 'ಪ್ರತಿ ಸರ್ವಿಂಗಿಗೆ', ಸರ್ವಿಂಗ್ ಅಂದರೆ 2 ಕ್ಯಾಪ್ಸೂಲ್. ಅಂದರೆ ಒಂದರಲ್ಲಿ 400. ನಿಮಗೆ ದಿನಕ್ಕೆ 1200 ಹೇಳಿದ್ದರೆ ಮೂರು ಕ್ಯಾಪ್ಸೂಲ್ ಬೇಕು. 60ರ ಡಬ್ಬಿ ತಿಂಗಳಿಗಲ್ಲ, 20 ದಿನಕ್ಕೇ ಖಾಲಿ. ಡಬ್ಬಿಯ ಬೆಲೆ ಹೋಲಿಸಬೇಡಿ. ಒಟ್ಟು ಬೆಲೆಯನ್ನು ಒಟ್ಟು ಮಿಲಿಗ್ರಾಮಿನಿಂದ ಭಾಗಿಸಿ, 600ರಿಂದ ಗುಣಿಸಿ. 600 ಮಿಲಿಗ್ರಾಮಿಗೆ ಎಷ್ಟು ಬೀಳುತ್ತದೆ ಅನ್ನುವುದೇ ನಿಜವಾದ ಬೆಲೆ. ನೇಕಾರರು ಈ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತಾರೆ. ಮೀಟರ್ ಲೆಕ್ಕದ ಕೂಲಿಯಲ್ಲಿ ಪಳಗಿದ ಮಂದಿ!

ಪುಡಿ ಎಷ್ಟು ನುಣ್ಣಗಿದೆ ಅನ್ನುವುದೂ ಮುಖ್ಯ. ಒಂದು ಕ್ಯಾಪ್ಸೂಲ್ ಬಿಚ್ಚಿ ಸ್ಟೀಲ್ ಲೋಟದ ನೀರಿಗೆ ಸುರಿದು ನೋಡಿ. ಬಿಳಿ ಪುಡಿ ಮೇಲೆಯೇ ತೇಲುತ್ತದೆ. ಚಮಚದಿಂದ ಕಲಕಿದರೆ ಚಮಚಕ್ಕೆ ಅಂಟುತ್ತದೆ, ಲೋಟದ ಅಂಚಿಗೆ ಹತ್ತುತ್ತದೆ, ಕರಗುವುದಿಲ್ಲ. ಕೊಬ್ಬಿನ ಜಾತಿ ಅಲ್ವಾ, ನೀರಿನ ಜೊತೆ ಸೇರುವುದಿಲ್ಲ. ಹೊಟ್ಟೆಯಲ್ಲೂ ಇದೇ ಪಾಡು. ಕಣ ದಪ್ಪಗಿದ್ದರೆ ರಕ್ತಕ್ಕೆ ಸೇರುವುದು ಕಡಿಮೆ. ಅದಕ್ಕೇ ಮೈಕ್ರೋನೈಸ್ಡ್, ಅಲ್ಟ್ರಾ-ಮೈಕ್ರೋನೈಸ್ಡ್ ಎಂಬ ಮಾತು. ಮೊದಲನೆಯದರಲ್ಲಿ ಕಣ 2ರಿಂದ 10 ಮೈಕ್ರಾನ್, ಎರಡನೆಯದರಲ್ಲಿ 0.8ರಿಂದ 6 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನೀರಿಗೆ ಬೆರೆಯುವಂತೆ ತಯಾರಿಸಿದ ಪುಡಿಗಳೂ ಇವೆ, ಅವು ತೇಲದೆ ಹೋಗಬಹುದು. ಲೇಬಲ್ ಮೇಲೆ ಈ ಬಗ್ಗೆ ಒಂದು ಪದವೂ ಇಲ್ಲದ ಅಗ್ಗದ ಡಬ್ಬಿಯನ್ನು ನಾನು ಅಂಗಡಿಗೆ ತರಿಸುವುದಿಲ್ಲ.

ಕೊನೆಗೆ ಪರವಾನಗಿ. ನಮ್ಮಲ್ಲಿ ಪೂರಕ ಆಹಾರವಾಗಿ ಮಾರುವ ಯಾವುದೇ ಡಬ್ಬಿಯ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಗುರುತು, ಅದರ ಜೊತೆ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. 'ಔಷಧವಾಗಿ ಬಳಸುವುದಕ್ಕಲ್ಲ' ಎಂಬ ಸಾಲೂ ಇರಬೇಕು. ಆ ಸಾಲು ಇರುವ ಡಬ್ಬಿಯನ್ನೇ ಹಿಡಿದು "ದಮ್ಮು ಗುಣವಾಗುತ್ತದೆ" ಎಂದು ಯಾರಾದರೂ ಮಾರಿದರೆ, ಡಬ್ಬಿ ಅಲ್ಲೇ ಇಟ್ಟು ಬನ್ನಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡುವುದನ್ನು ಹೇಳಿಕೊಡಬೇಕಿಲ್ಲ. ಅಲರ್ಜಿ ಇರುವವರು ಸೋಯಾ, ಮೊಟ್ಟೆ, ಶೇಂಗಾ ಎಂದು ಎಲ್ಲಾದರೂ ಬರೆದಿದೆಯಾ ನೋಡಿ. ಕ್ಯಾಪ್ಸೂಲಿನ ಮೇಲ್ಕವಚ ಜೆಲಟಿನ್ ಆಗಿದ್ದರೆ ಅದು ಪ್ರಾಣಿಯದು. ಪೂರ್ತಿ ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿಯೇ ತಗೊಳ್ಳಿ. ನಮ್ಮ ಊರಿನ ಅಜ್ಜಂದಿರಿಗೆ ಇದು ಆಮೇಲೆ ಗೊತ್ತಾದರೆ ಮನೆಯಲ್ಲಿ ದೊಡ್ಡ ಜಗಳ.

ತಗೊಳ್ಳುವ ರೀತಿ

ಮೊದಲು ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ. ದೊಡ್ಡವರಿಗೆ ಸಾಮಾನ್ಯವಾಗಿ ಕಾಣುವ ಪ್ರಮಾಣ ದಿನಕ್ಕೆ 600ರಿಂದ 1200 ಮಿಲಿಗ್ರಾಂ, ಎರಡು ಪಾಲು ಮಾಡಿ. ಮುಂಜಾನೆ ಒಂದು, ರಾತ್ರಿ ಒಂದು. ಚೆಕೊಸ್ಲೊವಾಕಿಯಾದಲ್ಲಿ ಕೊಟ್ಟಿದ್ದು 1800 ಇದ್ದರೂ ಅಷ್ಟಕ್ಕೆ ನೀವಾಗಿಯೇ ಹೋಗಬೇಡಿ.

ಖಾಲಿ ಹೊಟ್ಟೆಯಲ್ಲಿ ಚಹಾದ ಜೊತೆ ನುಂಗುವುದು ನಮ್ಮವರ ಚಾಳಿ. ಇದನ್ನು ಊಟದ ಜೊತೆ ತಗೊಳ್ಳಿ, ಸ್ವಲ್ಪ ಜಿಡ್ಡು ಇರುವ ಊಟವಾದರೆ ಒಳ್ಳೆಯದು. ಎಣ್ಣೆಗಾಯಿ ಪಲ್ಯ-ರೊಟ್ಟಿ, ಶೇಂಗಾ ಚಟ್ನಿಗೆ ಮೊಸರು, ಇಷ್ಟು ಸಾಕು. ಜಿಡ್ಡು ಅಂದೆ ಅಂತ ಮಿರ್ಚಿ ಭಜಿ ತಿನ್ನಬೇಡಿ, ಅದರಿಂದ ಗಂಟಲು ಇನ್ನೂ ಕೆಡುತ್ತದೆ. ಅರಿಶಿನ ಹಾಲು, ಉಪ್ಪುನೀರಿನ ಮುಕ್ಕಳಿಕೆ ನಡೆಯುತ್ತಿದ್ದರೆ ನಡೆಯಲಿ, ಅವುಗಳನ್ನು ಬಿಡಬೇಕಿಲ್ಲ.

ಎಷ್ಟು ದಿನ? ನೆಗಡಿ ಕಾಲಕ್ಕೆ ಎಂದು ಶುರು ಮಾಡಿದರೆ ಎರಡು ವಾರ ಮುಗಿದ ಮೇಲೆ ನಿಂತು ನೋಡಿ. ನೋವಿಗೆ ಎಂದಾದರೆ ಮೂರು ವಾರದಿಂದ ಎರಡು ತಿಂಗಳು. ಶುರು ಮಾಡುವ ದಿನವೇ ಕ್ಯಾಲೆಂಡರಿನಲ್ಲಿ ಬರೆಯಿರಿ: ಈವತ್ತು ನೋವು ಹತ್ತಕ್ಕೆ ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರ, ವಾರಕ್ಕೆ ಎಷ್ಟು ನೋವಿನ ಗುಳಿಗೆ. ವಾರಕ್ಕೊಮ್ಮೆ ಇಷ್ಟು ಬರೆದರೆ ಸಾಕು. ಎರಡು ತಿಂಗಳಾದರೂ ಅಂಕಿ ಕದಲದಿದ್ದರೆ ಬಿಟ್ಟುಬಿಡಿ. ಸುಮ್ನೆ ಅಭ್ಯಾಸಕ್ಕೆ ಬಿದ್ದು ಡಬ್ಬಿ ಮೇಲೆ ಡಬ್ಬಿ ತರಬೇಡಿ. ನಾನೇ ಮಾರುವವಳು, ನಾನೇ ಹೇಳುತ್ತಿದ್ದೇನೆ.

ಅಡ್ಡಪರಿಣಾಮ ಹೆಚ್ಚಿನವರಿಗೆ ಕಾಣುವುದಿಲ್ಲ. ಕೆಲವರಿಗೆ ಹೊಟ್ಟೆ ತೊಳಸಿದಂತೆ, ಭೇದಿಯಾದಂತೆ ಆಗಬಹುದು. ಡೋಸು ಅರ್ಧ ಮಾಡಿ ನೋಡಿ, ಆಗಲೂ ನಿಲ್ಲದಿದ್ದರೆ ಬಿಡಿ.

ಯಾರು ಮುಟ್ಟಬಾರದು ಅಂದರೆ: ಬಸುರಿಯರು, ಎದೆಹಾಲು ಕುಡಿಸುವವರು. ಇವರ ಮೇಲೆ ಸಾಕಷ್ಟು ಪರೀಕ್ಷೆ ನಡೆದಿಲ್ಲ. ಮಕ್ಕಳಿಗೆ ಡಾಕ್ಟರ್ ಹೇಳದೆ ಕೊಡಬೇಡಿ. ಲಿವರ್, ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗುವ ಗುಳಿಗೆ ನುಂಗುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಕೇಳಿಯೇ ಮುಂದುವರಿಯಿರಿ.

ಇದಕ್ಕಾಗಿ ಯಾವುದನ್ನೂ ನಿಲ್ಲಿಸಬೇಡಿ

ಈ ಒಂದು ವಿಷಯಕ್ಕೆ ನಾನು ಕೌಂಟರಿನಲ್ಲಿ ದನಿ ಏರಿಸುವುದುಂಟು. ದಮ್ಮಿನವರು ಇನ್ಹೇಲರ್ ಬಿಡಬಾರದು. ಸ್ಟೆರಾಯ್ಡ್ ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಡಾಕ್ಟರ್ ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ಪಿಇಎ ಇವುಗಳ ಪಕ್ಕದಲ್ಲಿ ನಿಲ್ಲುವ ವಸ್ತು.

ಒಂದರಲ್ಲಿ ಮಾತ್ರ ನನಗೆ ಆಸೆ ಇದೆ. ಮಗ್ಗದವರಲ್ಲಿ ಎಷ್ಟೋ ಮಂದಿ ದಿನಾ ಸಂಜೆ ಭುಜದ ನೋವಿಗೆ ಒಂದು ಡೈಕ್ಲೋಫೆನಾಕ್ ನುಂಗುತ್ತಾರೆ, ವರ್ಷಗಟ್ಟಲೆ. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿ ಏರಿಕೆ, ಇದೆಲ್ಲ ಅದರ ಬೆನ್ನಿಗೇ ಬರುತ್ತದೆ. ಅಂಥವರು ಡಾಕ್ಟರ್ ಸಲಹೆ ಪಡೆದು ಪಿಇಎ ಶುರು ಮಾಡಿ, ಕ್ಯಾಲೆಂಡರ್ ನೋಡಿಕೊಂಡು ನೋವಿನ ಗುಳಿಗೆಯನ್ನು ದಿನ ಬಿಟ್ಟು ದಿನಕ್ಕೆ ಇಳಿಸಲು ಸಾಧ್ಯವಾದರೆ, ಡಬ್ಬಿಗೆ ಕೊಟ್ಟ ದುಡ್ಡು ದಂಡವಲ್ಲ.

ಧೂಳಿನ ವಿಷಯಕ್ಕೆ ಬಂದರೆ ಯಾವ ಕ್ಯಾಪ್ಸೂಲೂ ಮಾಸ್ಕಿಗೆ ಸಮ ಅಲ್ಲ. ಹತ್ತಿ ಧೂಳಿನಲ್ಲಿ ದುಡಿಯುವವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು, ಮರುದಿನಗಳಲ್ಲಿ ಸಡಿಲಾಗುವುದು ಅದರ ಶುರುವಿನ ಗುರುತು. ಹೀಗಾಗುತ್ತಿದ್ದರೆ ಎದೆರೋಗದ ಡಾಕ್ಟರ್ ಬಳಿ ಹೋಗಿ, ಉಸಿರು ಊದಿ ನೋಡುವ ಪರೀಕ್ಷೆ ಮಾಡಿಸಿ. ಶೆಡ್ಡಿನಲ್ಲಿ ಕಸ ಗುಡಿಸುವಾಗ ನೀರು ಚಿಮುಕಿಸಿ ಗುಡಿಸಿ. ಬಾಯಿಗೆ ಸುತ್ತುವ ಟವೆಲ್ ಬದಲು ಮೂಗಿಗೆ ಕೂರುವ ಎನ್95 ಹಾಕಿ.

ಎರಡು ವಾರ ದಾಟಿದ ಕೆಮ್ಮು ಇದ್ದರೆ ನಾನು ಏನನ್ನೂ ಮಾರುವುದಿಲ್ಲ, ಕಫ ಪರೀಕ್ಷೆಗೆ ಕಳಿಸುತ್ತೇನೆ. ಸರ್ಕಾರಿ ದವಾಖಾನೆಯಲ್ಲಿ ಟಿಬಿ ಪರೀಕ್ಷೆಯೂ ಪುಕ್ಕಟೆ, ಔಷಧವೂ ಪುಕ್ಕಟೆ. ಕಫದಲ್ಲಿ ರಕ್ತ, ಮೂರು ದಿನ ಇಳಿಯದ ಜ್ವರ, ಸಂಜೆ ಜ್ವರ ಬಂದು ರಾತ್ರಿ ಬೆವರುವುದು, ತೂಕ ಇಳಿಯುವುದು ಕಂಡರೆ ಎರಡು ವಾರವೂ ಕಾಯಬೇಡಿ. ಕೂತಲ್ಲೇ ಏದುಸಿರು, ತುಟಿ ನೀಲಿ, ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗೆ ಅಂದರೆ ಗಾಡಿ ಮಾಡಿಕೊಂಡು ನೇರ ದವಾಖಾನೆಗೆ. ಮೆಡಿಕಲ್ ಅಂಗಡಿ ಕಡೆ ತಿರುಗಲೂ ಬೇಡಿ.

ಡಬ್ಬಿ ಮನೆಗೆ ಬಂದ ಮೇಲೆ ಮುಚ್ಚಳ ಬಿಗಿ ಮಾಡಿ, ಒಲೆಯಿಂದ ದೂರ, ಬಿಸಿಲು ತಾಗದ ಕಡೆ ಇಡಿ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ತಗಡಿನ ಶೆಡ್ಡಿನ ಗೂಡಿನೊಳಗೆ ಇಡಬೇಡಿ. ಬೇರೆ ಯಾವುದೇ ಕಾಯಿಲೆಗೆ ಡಾಕ್ಟರ್ ಹತ್ತಿರ ಹೋಗುವಾಗ, ಆಪರೇಷನ್ ಇದ್ದರಂತೂ ತಪ್ಪದೆ, ಡಬ್ಬಿಯನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. "ಅದೇನೋ ಬಿಳೀ ಗುಳಿಗಿ ತಗೋತೀನ್ರಿ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ.